ಕಥಾರಂಭದಲ್ಲಿ ಕೋಲಾಹಲ

ಕಥೆಯ ಮೊದಲನೆಯ ವಾಕ್ಯದಲ್ಲಿಯೇ ಕತ್ತಿ ಝಳಪಿಸಬೇಕು, ಇಲ್ಲವೆ ಬಂದೂಕು ಹಾರಬೇಕು, ಅದೂ ಇಲ್ಲದಿದ್ದರೆ ಯಾರಾದರೊಬ್ಬರು ಕತ್ತಲಲ್ಲಿ ಏದುಸಿರು ಬಿಡುತ್ತ ಓಡಬೇಕು. ಹಾಗಲ್ಲದೆ ವಾಚಕನು ಎರಡನೆಯ ಪುಟವನ್ನು ತಿರುವಲಾರನು ಎಂಬುದಾಗಿ ಕಥಾರಚನೆಯನ್ನು ಬೋಧಿಸುವ ಕೆಲವರು ವಿಧಿಸುತ್ತಿರುವರಷ್ಟೆ. ಈ ವಿಧಿಯು ಯಾವ ಪ್ರಮಾಣದ ಮೇಲೆ ನಿಂತಿದೆಯೆಂಬುದನ್ನು ವಿಚಾರಿಸದೆಯೇ ಹೊಸದಾಗಿ ಲೇಖನಿ ಹಿಡಿದವರು ಅದನ್ನು ಶಿರಸಾವಹಿಸುತ್ತಿರುವರು. ಪರಿಣಾಮವೇನು? ಜಮೀನಿನ ವ್ಯಾಜ್ಯದಲ್ಲಿ ಒಡೆದುಹೋದ ಮನೆಯೊಂದರ ಕಥೆಯನ್ನು ಮನಮುಟ್ಟುವಂತೆ ಬರೆಯಬಲ್ಲವನು, ಅದಕ್ಕೆ ತೊಡಗುವ ಮೊದಲು ಒಂದು ಕೊಲೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ಮೊದಲ ಪುಟದಲ್ಲಿ ರಕ್ತ ಹರಿಯುತ್ತದೆ. ಎರಡನೆಯ ಪುಟದಲ್ಲಿ ‘ಹತ್ತು ವರ್ಷಗಳ ಹಿಂದೆ’ ಎಂದು ನಿಜವಾದ ಕಥೆಯು ತಲೆತಗ್ಗಿಸಿಕೊಂಡು ಒಳಗೆ ಬರುತ್ತದೆ. ಕೆಲವೆಡೆ ಆ ಕೊಲೆಯು ಬರಿಯ ಕನಸೆಂದು ತಿಳಿದುಬರುವುದೂ ಉಂಟು. ಸಂತೆಯಲ್ಲಿ ಮೋಸಹೋದವನಂತೆ ವಾಚಕನು ಪುಸ್ತಕವನ್ನು ಕೆಳಗಿಡುತ್ತಾನೆ.

ಯಾರೋ ಒಬ್ಬರು ದಾರಿಯಲ್ಲಿ ಜಾರಿಬಿದ್ದರೆಂದು ಕೇಳಿದಾಗ ಉಂಟಾಗುವ ಮರುಕಕ್ಕೂ, ನೆರೆಮನೆಯ ಅಜ್ಜಿ ಬಿದ್ದಳೆಂದು ಕೇಳಿದಾಗ ಉಂಟಾಗುವ ತಳಮಳಕ್ಕೂ ಇರುವ ಅಂತರವು ಎಲ್ಲರಿಗೂ ತಿಳಿದುದೇ. ಭಯವು ಪರಿಚಯವನ್ನು ಆಶ್ರಯಿಸಿ ನಿಲ್ಲತಕ್ಕದ್ದು. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸವು ನಿಷ್ಪನ್ನವಾಗುವುದೆಂದು ಭರತಮುನಿಯು ಹೇಳಿರುವನಲ್ಲವೆ? ಕೂಗು, ನಡುಕ, ಬೆವರು ಇವೆಲ್ಲ ಅನುಭಾವಗಳು. ಯಾರ ನಿಮಿತ್ತವಾಗಿ, ಯಾವ ಸನ್ನಿವೇಶದಲ್ಲಿ ಎಂಬ ವಿಭಾವವೇ ಇಲ್ಲದಿದ್ದ ಮೇಲೆ ಅನುಭಾವಗಳನ್ನು ಎಷ್ಟು ರಾಶಿ ಹಾಕಿದರೂ ಅದು ಬರಿಯ ಗದ್ದಲ. ಹೆಸರೂ ಊರೂ ತಿಳಿಯದವನ ಕೊರಳಿಗೆ ಚೂರಿಯನ್ನಿಟ್ಟು, ‘ಅಯ್ಯೋ ಎನ್ನು’ ಎಂದು ವಾಚಕನನ್ನು ಬಲಾತ್ಕರಿಸುವುದು ಎಲ್ಲಿಯ ನ್ಯಾಯ?

ಈ ಪಕ್ಷದವರು ಹೊರೇಸನನ್ನು ಸಾಕ್ಷಿಗೆ ಕರೆಯುವ ವಾಡಿಕೆಯುಂಟು. ಕಥೆಯ ನಡುವಿಗೇ ವಾಚಕನನ್ನು ಕರೆದೊಯ್ಯುವನೆಂದು ಆ ರೋಮನ್ ಕವಿಯು ಹೋಮರನನ್ನು ಕೊಂಡಾಡಿರುವುದು ನಿಜ. ಟ್ರಾಯ್ ಯುದ್ಧವನ್ನು ಹೇಳಲು ಹೊರಟವನು ಹೆಲೆನಳು ಹುಟ್ಟಿದ ಮೊಟ್ಟೆಯಿಂದ ಮೊದಲುಮಾಡಬೇಕಾಗಿಲ್ಲವೆಂಬುದು ಅವನ ಅಭಿಪ್ರಾಯ. ಆದರೆ ನಡುವೆಂದರೆ ಹೊಡೆದಾಟವೆಂದು ಅವನು ಎಲ್ಲಿ ಹೇಳಿದನು? ಇಲಿಯಡ್ಡಿನ ಪ್ರಥಮ ಸರ್ಗವನ್ನು ತೆರೆದರೆ, ಸೆರೆಸಿಕ್ಕ ಮಗಳನ್ನು ಬಿಡಿಸಿಕೊಳ್ಳಲು ಬಂದ ಮುದಿ ಪೂಜಾರಿ, ಅವನಿಗಾದ ಅವಮಾನ, ಪಾಳೆಯದಲ್ಲಿ ಹಬ್ಬಿದ ಪಿಡುಗು, ಇಬ್ಬರು ನಾಯಕರ ಕಲಹ, ಇಷ್ಟೇ ಕಾಣುವುದು. ಅಕಿಲೀಸನು ಕತ್ತಿಯನ್ನು ಅರ್ಧ ಹಿರಿಯುತ್ತಾನೆ. ಅಥೀನೆಯು ಹಿಂದಿನಿಂದ ಅವನ ಕೂದಲನ್ನು ಹಿಡಿದು ತಡೆಯುತ್ತಾಳೆ. ಕತ್ತಿಯು ಮರಳಿ ಒರೆಯನ್ನು ಸೇರುತ್ತದೆ. ಉಭಯ ಸೇನೆಗಳು ಒಂದನ್ನೊಂದು ಸಂಧಿಸುವುದು ನಾಲ್ಕನೆಯ ಸರ್ಗದಲ್ಲಿ. ಗ್ರಂಥವನ್ನು ಬಿಚ್ಚದೆಯೇ ಗ್ರಂಥಕರ್ತನನ್ನು ಸಾಕ್ಷಿಗೆ ಕರೆದರೆ ಆಗುವ ಫಲವಿದು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ರನ್ನನ ಗದಾಯುದ್ಧವು ಹೆಸರಿನಲ್ಲಿಯೇ ಕಾಳಗವನ್ನು ಹೊತ್ತ ಕಾವ್ಯ. ಮಹಾಯುದ್ಧವು ಮುಗಿಯುವ ಹೊತ್ತಿಗೆ ಆರಂಭವಾಗಿ, ಹಿಂದಣ ಕಥೆಯನ್ನು ಸಿಂಹಾವಲೋಕನಕ್ರಮದಿಂದ ಹೇಳತಕ್ಕದ್ದು. ಇಂದಿನ ಬೋಧಕರ ಕೈಗೆ ಸಿಕ್ಕಿದ್ದರೆ ಮೊದಲ ಪದ್ಯದಲ್ಲಿಯೇ ದುರ್ಯೋಧನನ ತೊಡೆ ಮುರಿದಿರುತ್ತಿತ್ತು. ರನ್ನನಾದರೋ ದ್ರೌಪದಿಯನ್ನೂ ಭೀಮನನ್ನೂ ಮೊದಲು ಮಾತನಾಡಿಸುತ್ತಾನೆ; ಬಳಿಕ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸುತ್ತಾನೆ. ಗುರುವಿನ ಕಳೇಬರ, ತಮ್ಮನ ಕಳೇಬರ, ಕರ್ಣನ ಕಳೇಬರ, ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರ. ಒಂದೊಂದರ ಮುಂದೆಯೂ ಆ ಅರಸನು ನಿಲ್ಲುವನು. ಹೀಗೆ ನಡೆದು ಬಂದವನು ವೈಶಂಪಾಯನ ಸರೋವರವನ್ನು ಹೊಕ್ಕಾಗ, ಅವನನ್ನು ದ್ವೇಷಿಸುತ್ತ ಬಂದ ವಾಚಕನ ಎದೆಯೂ ಭಾರವಾಗುತ್ತದೆ. ಗದೆಯ ಪೆಟ್ಟು ಬೀಳುವುದು ಅದರ ತರುವಾಯ.

ಹಾಗಾದರೆ ಓಟ ಬೇಟೆಗಳಿಂದ ಕಥೆಯನ್ನು ಆರಂಭಿಸಲೇಬಾರದೇ ಎಂದು ಕೇಳಬಹುದು. ಶಾಕುಂತಲವು ಆರಂಭವಾಗುವುದು ಬೇಟೆಯಿಂದಲೇ. ಪ್ರಸ್ತಾವನೆಯು ಮುಗಿದೊಡನೆ ದುಷ್ಯಂತನು ಬಿಲ್ಲನ್ನು ಹಿಡಿದು ರಥದಲ್ಲಿ ಜಿಂಕೆಯನ್ನು ಅಟ್ಟಿಕೊಂಡು ಬರುತ್ತಾನೆ. ಆದರೆ ಆ ಬೇಟೆಯು ಪ್ರೇಕ್ಷಕನನ್ನು ಹಿಡಿದು ಕೂರಿಸಲು ಹೂಡಿದ ಬಲೆಯಲ್ಲ. ಅದು ಆಶ್ರಮದ ಮೃಗವೆಂದು ತಾಪಸನು ತಡೆಯುತ್ತಾನೆ, ರಾಜನು ಬಾಣವನ್ನು ಹಿಂದೆಗೆಯುತ್ತಾನೆ. ಅದೇ ಆಶ್ರಮದ ಮತ್ತೊಂದು ಮುಗ್ಧ ಜೀವಕ್ಕೆ ಅದೇ ರಾಜನಿಂದ ಮುಂದೆ ಒದಗುವ ನೋವನ್ನು ಬಲ್ಲವರಿಗೆ ಆ ಹಿಂದೆಗೆದ ಬಾಣದ ಅರ್ಥವು ಹೊಳೆಯದಿರದು. ಬೇಟೆಯನ್ನು ತೆಗೆದುಹಾಕಿದರೆ ನಾಟಕವು ಕುಂಟುತ್ತದೆ. ಇಂದಿನ ಕಥೆಗಳ ಮೊದಲ ಪುಟದ ಕೊಲೆಯನ್ನು ಹರಿದೆಸೆದರೆ ಕಥೆಗೆ ನಷ್ಟವೇನು? ಪತ್ತೇದಾರಿ ಕಥೆಯ ಮಾತು ಬೇರೆ. ಅಲ್ಲಿ ಹೆಣವೇ ಪ್ರಶ್ನೆ.

ಈ ಚಪಲವು ಬಹುಮಟ್ಟಿಗೆ ಚಲಚ್ಚಿತ್ರದಿಂದ ಬಂದುದು. 1963ರ ‘ಫ್ರಮ್ ರಷ್ಯಾ ವಿತ್ ಲವ್’ ಚಿತ್ರದಲ್ಲಿ ಹೆಸರುಗಳು ತೆರೆಯ ಮೇಲೆ ಬರುವುದಕ್ಕೆ ಮುಂಚೆಯೇ ಜೇಮ್ಸ್ ಬಾಂಡನ ಕೊಲೆಯಾದಂತೆ ತೋರಿಸುವರು; ಸತ್ತವನ ಮುಖದಿಂದ ಮುಖವಾಡವನ್ನು ಕಳಚಿದಾಗ ಅವನು ಬೇರೊಬ್ಬನೆಂದು ತಿಳಿಯುವುದು. ಪ್ರೇಕ್ಷಕರು ಬೆಚ್ಚಿದುದೇಕೆ? 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಆ ನಾಯಕನನ್ನು ಅವರು ಆಗಲೇ ಕಂಡಿದ್ದರು. ಪರಿಚಯದ ಬಂಡವಾಳವು ಕೈಯಲ್ಲಿದ್ದುದರಿಂದ ಆ ವ್ಯಾಪಾರವು ನಡೆಯಿತು. ಬಂಡವಾಳವಿಲ್ಲದೆ ಅಂಗಡಿ ತೆರೆಯುವ ತರುಣ ಕಥೆಗಾರನಿಗೆ ಈ ಉದಾಹರಣೆಯನ್ನು ತೋರಿಸುವವರು ಮಾತ್ರ ಅರ್ಧವನ್ನಷ್ಟೇ ಹೇಳುವರು.

ಕಥಾಸ್ಪರ್ಧೆಗಳ ಪರೀಕ್ಷಕರಲ್ಲಿಯೂ ತಪ್ಪಿಲ್ಲದಿಲ್ಲ. ನೂರು ಹಸ್ತಪ್ರತಿಗಳ ರಾಶಿಯ ಮುಂದೆ ಕುಳಿತವರಿಗೆ ಮೊದಲ ಸಾಲಿನಲ್ಲಿಯೇ ಕಿರಿಚುವ ಕಥೆಯು ಬೇಗನೆ ಕಿವಿಗೆ ಬೀಳುವುದು ಸಹಜ. ಅಂಥ ಮಹನೀಯರು ಒಮ್ಮೆಯಾದರೂ ಮೊದಲ ಹಾಳೆಯನ್ನು ಮಡಿಸಿಟ್ಟು, ಎರಡನೆಯದರಿಂದ ಓದಲು ತೊಡಗಲಿ. ಬಹುಮಾನಕ್ಕೆ ಆರಿಸಿದವುಗಳಲ್ಲಿ ಎಷ್ಟು ಉಳಿಯುವುವೋ, ಬದಿಗೆ ಸರಿಸಿದವುಗಳಲ್ಲಿ ಎಷ್ಟು ಮರಳಿ ಮೇಜಿನ ಮೇಲಕ್ಕೆ ಬರುವುವೋ, ಅವರೇ ಎಣಿಸಿ ನೋಡಲಿ.