ಕೈಗೊಪ್ಪುವ ಪಿಸ್ತೂಲು, ಪಿಸ್ತೂಲಿಗೊಪ್ಪುವ ಗುಂಡು

ಪಿಸ್ತೂಲು ಎಂಬ ಮಾತು ಕಿವಿಗೆ ಬಿದ್ದೊಡನೆ ಗೃಹಸ್ಥರ ಹುಬ್ಬು ಗಂಟಿಕ್ಕುವುದು ಸಹಜವೇ ಸರಿ. ಅದನ್ನು ಪತ್ತೇದಾರಿ ಧಾರಾವಾಹಿಗಳ ಪುಟಗಳಲ್ಲಿ ಮಾತ್ರ ಕಂಡು ಬಲ್ಲವರೇ ನಮ್ಮಲ್ಲಿ ಹೆಚ್ಚು. ಆದರೆ 2024ರ ಜುಲೈ ತಿಂಗಳಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎಂಬ ತರುಣಿ ಗಾಳಿ ಪಿಸ್ತೂಲಿನಿಂದಲೇ ಎರಡು ಕಂಚಿನ ಪದಕಗಳನ್ನು ಗೆದ್ದ ಮೇಲೆ, ಈ ಕ್ರೀಡೆಗಾಗಿ ಹಠ ಹಿಡಿಯುವ ಮಕ್ಕಳು ಮಹಾನಗರಗಳಲ್ಲಿ ಮಾತ್ರವೇ ಇದ್ದಾರೆಂದು ತಿಳಿಯಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಂತಹ ಊರುಗಳ ತಾಯಿತಂದೆಯರಿಗೂ ಈ ಪ್ರಶ್ನೆ ಎದುರಾಗತಕ್ಕದ್ದೇ. ಕೇಳಲು ಬಲ್ಲವರಿಲ್ಲದಾಗ ಅವರು ಮಾಡುವುದು ಎರಡರಲ್ಲೊಂದು: ದೊಡ್ಡ ಊರಿನ ಮಳಿಗೆಗೆ ಹೋಗಿ ಎಲ್ಲಕ್ಕಿಂತ ಬೆಲೆಯುಳ್ಳದ್ದನ್ನು ತರುವುದು, ಇಲ್ಲವೆ ಎಲ್ಲಕ್ಕಿಂತ ಅಗ್ಗವಾದುದನ್ನು ತರುವುದು. ಎರಡರಲ್ಲಿಯೂ ಹಣ ಪೋಲಾಗುವ ಸಂಭವವೇ ಅಧಿಕ.

ಈ ಸೀಮೆಗೆ ಆಯುಧಗಳ ಪರಿಚಯ ಹೊಸದಲ್ಲ. ಟೀಪೂ ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಹುಲಿಪಟ್ಟೆಯ ಅಲಂಕಾರವುಳ್ಳ ಸೊಗಸಾದ ಪಿಸ್ತೂಲುಗಳು ತಯಾರಾಗುತ್ತಿದ್ದವು. 1799ರ ಬಳಿಕ ಅವುಗಳಲ್ಲಿ ಅನೇಕವು ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದವು. ಪಾಂಡವಪುರವಂತೂ, ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದಾಗಿ, ಬಹುಕಾಲ ಫ್ರೆಂಚ್ ರಾಕ್ಸ್ ಎಂದೇ ಹೆಸರಾಗಿದ್ದಿತು. ಆ ಕಾಲದ ಪಿಸ್ತೂಲಿನಲ್ಲಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರಬೇಕು, ಬಟ್ಟಲಿನ ಮದ್ದು ಹೊತ್ತಬೇಕು, ಆ ಬಳಿಕವೇ ನಳಿಗೆಯೊಳಗಿನ ಮದ್ದು ಸಿಡಿಯಬೇಕು. ಅಷ್ಟರವರೆಗೂ ಕೈ ಅಲುಗದಂತೆ ನಿಂತವನೇ ಗುರಿಕಾರ. ಇಂದಿನ ಸ್ಪರ್ಧೆಯ ಪಿಸ್ತೂಲಿನಲ್ಲಿ ಈ ವಿಳಂಬ ಕಣ್ಣಿಗೆ ಕಾಣದಷ್ಟು ಕಿರಿದಾಗಿದೆಯಾದರೂ ಇಲ್ಲದೇ ಹೋಗಿಲ್ಲ.

ಮೊದಲಿಗೆ ಕಾನೂನಿನ ಮಾತು. 10 ಮೀಟರ್ ಸ್ಪರ್ಧೆಯಲ್ಲಿ ಬಳಸುವುದು 4.5 ಮಿಲಿಮೀಟರ್ ಸೀಸದ ಗುಂಡನ್ನು ಅದುಮಿದ ಗಾಳಿಯಿಂದ ಹಾರಿಸುವ ಪಿಸ್ತೂಲು. 2016ರ ಶಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ಒಳಅಳತೆ ಇದನ್ನು ಮೀರದೆ, ಹೊಡೆತದ ಶಕ್ತಿ 20 ಜೂಲ್‌ಗಳನ್ನು ಮೀರದೆ ಇರುವ ಗಾಳಿ ಆಯುಧಕ್ಕೆ ಪರವಾನಗಿ ಬೇಕಾಗಿಲ್ಲ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಸುಮಾರು 5 ಅಥವಾ 6 ಜೂಲ್ ಮಾತ್ರ. ಹಾಗೆಂದು ಅದು ಆಟಿಕೆಯಲ್ಲ. ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆಯೇ. ಅಲ್ಲದೆ ದೂರದಿಂದ ನೋಡುವವರಿಗೆ ಇದಕ್ಕೂ ನಿಜವಾದ ಪಿಸ್ತೂಲಿಗೂ ಭೇದ ತಿಳಿಯದು. ಕೃಷ್ಣರಾಜಪೇಟೆಯಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಹುಡುಗನೊಬ್ಬನು ಅದನ್ನು ಚೀಲದಿಂದ ಹೊರತೆಗೆದರೆ ಆಗುವ ಗಲಭೆಯನ್ನು ಯಾರೂ ಊಹಿಸಬಹುದು. ಬೀಗವುಳ್ಳ ಪೆಟ್ಟಿಗೆ, ಕೊಂಡ ರಸೀತಿ, ನಳಿಗೆಯಲ್ಲಿ ಗುಂಡಿಲ್ಲವೆಂದು ತೋರಿಸುವ ಬಣ್ಣದ ದಾರ, ಈ ಮೂರೂ ಪಿಸ್ತೂಲಿನ ಜತೆಯಲ್ಲಿಯೇ ಇರತಕ್ಕವು.

ಇನ್ನು ಕೊಳ್ಳುವ ವಿಚಾರ. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವರ್ಕ್‌ಬಾವ್, ಇಟಲಿಯ ಪಾರ್ದಿನಿ, ಇವು ಜಗತ್ತಿನ ಸ್ಪರ್ಧಾಂಗಣಗಳಲ್ಲಿ ಕಾಣುವ ಹೆಸರುಗಳು. ಆಮದಾಗಿ ಬರುವಷ್ಟರಲ್ಲಿ ಇವುಗಳ ಬೆಲೆ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಕೊನೆಯಿಲ್ಲ, ಪ್ರಯೋಜನವೂ ಇಲ್ಲ. ಯಾವುದೇ ಆದರೂ ಆರಂಭದವನ ಕೈಗಿಂತ ಎಷ್ಟೋ ಪಾಲು ನಿಖರವಾದುದು. ಆದಕಾರಣ ತರಬೇತಿ ಕೇಂದ್ರದ ಪಿಸ್ತೂಲಿನಲ್ಲಿಯೇ ಕೆಲವು ತಿಂಗಳು ಕಳೆದು, ಮಗುವಿನ ಹಠ ಆಸಕ್ತಿಯಾಗಿ ಮಾಗಿತೆಂದು ತಿಳಿದ ಮೇಲೆ ಕೊಳ್ಳುವುದೇ ಜಾಣತನ. ರೈಫಲ್ ಸ್ಪರ್ಧೆಯವರಂತೆ ದಪ್ಪ ಕೋಟು, ಷರಾಯಿಗಳ ಖರ್ಚು ಇಲ್ಲಿಲ್ಲವೆಂಬುದೊಂದು ಸಮಾಧಾನ. ಹರಡನ್ನು ಮುಚ್ಚದ, ಅಡಿ ಚಪ್ಪಟೆಯಾದ ಜೋಡು ಸಾಕು.

ಕೊಳ್ಳುವಾಗ ಹೆಚ್ಚು ನೋಡಬೇಕಾದುದು ಹಿಡಿಯನ್ನು. ಸ್ಪರ್ಧೆಯ ಪಿಸ್ತೂಲಿನ ಮರದ ಹಿಡಿ ಸಣ್ಣದು, ನಡುತರದ್ದು, ದೊಡ್ಡದು ಎಂದು ಬೇರೆಬೇರೆ ಅಳತೆಗಳಲ್ಲಿ ದೊರೆಯುತ್ತದೆ. ಎಡಗೈಯವರಿಗೆ ಬೇರೆಯದೇ ಉಂಟು. ಪರೀಕ್ಷೆ ಸುಲಭ. ಕಣ್ಣು ಮುಚ್ಚಿಕೊಂಡು ಕೈಯನ್ನು ಗುರಿಯೆತ್ತರಕ್ಕೆ ಎತ್ತಿ, ಆಮೇಲೆ ಕಣ್ಣು ತೆರೆಯಬೇಕು. ನಳಿಗೆಯ ತುದಿಯ ಗುರಿಮೊಳೆ ಹಿಂದಿನ ಕಚ್ಚಿನ ನಡುವೆ ತಾನಾಗಿ ನಿಂತಿದ್ದರೆ ಹಿಡಿ ಒಪ್ಪಿತು. ಮಣಿಕಟ್ಟನ್ನು ತಿರುಚಿ ನಡುವಿಗೆ ತರಬೇಕಾದರೆ ಒಪ್ಪಲಿಲ್ಲ. ಎಲ್ಲಿ ಒತ್ತುವುದೋ ಅಲ್ಲಿ ಅರದಿಂದ ಸ್ವಲ್ಪ ಉಜ್ಜಬಹುದು, ಎಲ್ಲಿ ಸಡಿಲವೋ ಅಲ್ಲಿ ಮರದ ಮೇಣ ತುಂಬಬಹುದು. ಊರಿನ ನುರಿತ ಬಡಗಿ ಇದನ್ನು ಚೆನ್ನಾಗಿಯೇ ಮಾಡಬಲ್ಲನು. ಆದರೆ ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆಯಾಗಬಾರದು, ಇಡೀ ಪಿಸ್ತೂಲು 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು, ತೂಕ 1500 ಗ್ರಾಂ ಮೀರಕೂಡದು. ಬೆಳೆಯುವ ಮಕ್ಕಳ ಕೈ ವರ್ಷಕ್ಕೊಮ್ಮೆ ದೊಡ್ಡದಾಗುವುದರಿಂದ ಮರವನ್ನು ಒಮ್ಮೆಲೇ ಕೆತ್ತಿಸದಿರುವುದು ಲೇಸು.

ಬಡಗಿಗೆ ಕೊಟ್ಟ ಸಲಿಗೆಯನ್ನು ಕಮ್ಮಾರನಿಗೆ ಕೊಡಲಾಗದು. ನಾಗಮಂಗಲದ ಲೋಹಶಿಲ್ಪಿಗಳ ಕೈಚಳಕ ಜಗತ್ತಿಗೆ ಗೊತ್ತಿರುವುದೇ ಆದರೂ, ಟ್ರಿಗರಿನ ಒಳಗಿನ ತುಂಡುಗಳನ್ನು ಯಾರಿಂದಲೂ ಉಜ್ಜಿಸಬಾರದು. 10 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ತಡೆದು ನಿಲ್ಲಬೇಕು. ನಳಿಗೆಯನ್ನು ನೆಟ್ಟಗೆ ಮೇಲ್ಮುಖ ಮಾಡಿ, ಟ್ರಿಗರಿನಿಂದಲೇ ಆ ತೂಕವನ್ನು ಎತ್ತಿ ಪರೀಕ್ಷಿಸುತ್ತಾರೆ. 500ಕ್ಕೆ ಸರಿಯಾಗಿ ಕೂರಿಸಿದ್ದು ಪ್ರಯಾಣದ ಅಲುಗಾಟದಲ್ಲಿ 495 ಆಗಿ, ಅಂಗಣದ ಬಾಗಿಲಿನಲ್ಲಿಯೇ ಪೇಚಾಟಕ್ಕಿಟ್ಟುಕೊಳ್ಳುವುದುಂಟು. ಹತ್ತಿಪ್ಪತ್ತು ಗ್ರಾಂ ಹೆಚ್ಚಾಗಿರಿಸುವುದರಿಂದ ಗುರಿಗೆ ನಷ್ಟವೇನಿಲ್ಲ.

ಹಳೆಯ ಪಿಸ್ತೂಲು ಕೊಳ್ಳುವವರು ಗಾಳಿಯ ಸಿಲಿಂಡರಿನ ಮೇಲಿನ ತಾರೀಖನ್ನು ಮೊದಲು ಓದತಕ್ಕದ್ದು. ನಳಿಗೆಯ ಕೆಳಗೆ ಕೂರುವ ಈ ಕೊಳವೆಯಲ್ಲಿ 200 ಬಾರ್, ಅಂದರೆ ಸುತ್ತಲ ವಾತಾವರಣದ ಇನ್ನೂರು ಪಟ್ಟು ಒತ್ತಡ ಅಡಗಿರುತ್ತದೆ. ತಯಾರಕರು ಅದಕ್ಕೆ ಸಾಮಾನ್ಯವಾಗಿ 10 ವರ್ಷಗಳ ಆಯುಸ್ಸನ್ನು ವಿಧಿಸುತ್ತಾರೆ. ಅವಧಿ ಮೀರಿದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ, ಮನೆಯಲ್ಲಿ ಬಳಸುವುದೂ ಅಪಾಯವೇ. ಅಗ್ಗಕ್ಕೆ ಸಿಕ್ಕಿತೆಂದು ತಂದ ಪಿಸ್ತೂಲಿಗೆ ಹೊಸ ಸಿಲಿಂಡರ್ ಹುಡುಕುತ್ತ ವರ್ಷ ಕಳೆದುಹೋಗಬಹುದು. ಸಣ್ಣ ಊರುಗಳಲ್ಲಿ ಇದಕ್ಕೆ ಗಾಳಿ ತುಂಬಿಕೊಡುವವರು ದೊರೆಯುವುದು ಅಪೂರ್ವವಾದುದರಿಂದ ಕೈಪಂಪು ಬೇಕಾಗುತ್ತದೆ. ಸೈಕಲ್ ಪಂಪಿನ ಅಣ್ಣನಂತಿರುವ ಇದಕ್ಕೆ ತೇವ ಹೀರುವ ಸೋಸುಕ ಇರಲೇಬೇಕು. ಬೆವರು ಹರಿಸಿ ಒತ್ತಿದ ಗಾಳಿಯ ಜತೆಗೆ ನೀರೂ ಒಳಹೊಕ್ಕರೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುವುದು.

ಇಷ್ಟಾದ ಮೇಲೆ ಗುಂಡು. ಪಿಸ್ತೂಲಿಗೆ ಲಕ್ಷ ಚೆಲ್ಲಿ ಗುಂಡಿನಲ್ಲಿ ಜಿಪುಣತನ ತೋರುವವರು ಬಹಳ ಮಂದಿ. ಪೆಲೆಟ್ ಎಂದು ಕರೆಯುವ ಈ ಸೀಸದ ಗುಂಡು ನಡು ಕಿರಿದಾದ ಡಮರುವಿನಂತಿದೆ. ಸ್ಪರ್ಧೆಗೆ ಬೇಕಾದುದು ತಲೆ ಚಪ್ಪಟೆಯಾದದ್ದು, ಏಕೆಂದರೆ ಅದು ಕಾಗದದಲ್ಲಿ ಅಂಚು ಹರಿಯದ ದುಂಡನೆಯ ರಂಧ್ರ ಕೊರೆಯುತ್ತದೆ. ಮೊನಚು ತಲೆಯದು ಕಾಗದವನ್ನು ಹರಿದುಬಿಡುವುದರಿಂದ ಅಂಕ ಎಣಿಸುವುದೇ ಕಷ್ಟ. ತೂಕ ಸುಮಾರು ಅರ್ಧ ಗ್ರಾಂ. ಪಿಸ್ತೂಲಿನವರು ಸಾಮಾನ್ಯವಾಗಿ 0.45 ಗ್ರಾಂನಿಂದ 0.53 ಗ್ರಾಂವರೆಗಿನವುಗಳನ್ನು ಬಳಸುತ್ತಾರೆ. ಡಬ್ಬಿಯ ಮೇಲೆ 4.49, 4.50 ಎಂದು ತಲೆಯ ಅಗಲವನ್ನೂ ಅಚ್ಚು ಮಾಡಿರುವುದುಂಟು. ನೂರನೆಯ ಒಂದು ಮಿಲಿಮೀಟರಿನ ಈ ವ್ಯತ್ಯಾಸವನ್ನು ಕಂಡು ನಗುವ ಹಾಗಿಲ್ಲ: ಒಂದೇ ಕಾರ್ಖಾನೆಯ ಎರಡು ನಳಿಗೆಗಳಲ್ಲಿ ಒಂದಕ್ಕೆ ಒಂದು ಅಳತೆ ಒಗ್ಗಿದರೆ ಇನ್ನೊಂದಕ್ಕೆ ಇನ್ನೊಂದು ಒಗ್ಗುತ್ತದೆ.

ಯಾವುದು ಒಗ್ಗುವುದೆಂದು ತಿಳಿಯುವ ಬಗೆ ಒಂದೇ. ಪಿಸ್ತೂಲನ್ನು ಅಲುಗದಂತೆ ಬಿಗಿದು, ಒಂದೊಂದು ಬಗೆಯ ಹತ್ತು ಹತ್ತು ಗುಂಡುಗಳನ್ನು 10 ಮೀಟರ್ ದೂರದ ಕಾಗದಕ್ಕೆ ಹಾರಿಸಿ, ಯಾವ ಬಗೆಯ ರಂಧ್ರಗಳು ಒಂದರ ಮೇಲೊಂದು ಬಿದ್ದಿವೆಯೆಂದು ನೋಡಬೇಕು. ಒಗ್ಗಿದ ಗುಂಡು ತನ್ನ ಅಗಲಕ್ಕಿಂತ ತುಸುವೇ ದೊಡ್ಡದಾದ ಒಂದೇ ತೂತನ್ನು ಮಾಡುತ್ತದೆ. ಒಗ್ಗದ್ದು ಹೂವಿನ ಎಸಳಿನಂತೆ ಹರಡುತ್ತದೆ. ಗುರಿಯ ನಡುವಿನ ಹತ್ತಂಕದ ವೃತ್ತದ ಅಗಲ 11.5 ಮಿಲಿಮೀಟರ್ ಮಾತ್ರವೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುವುದು. ಒಗ್ಗಿದ್ದು ಸಿಕ್ಕಿದ ಮೇಲೆ ಡಬ್ಬಿಯ ತಂಡದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದೇ ತಂಡದ ಡಬ್ಬಿಗಳನ್ನು ಒಂದು ಋತುವಿಗಾಗುವಷ್ಟು ಕೊಂಡಿಡುವುದು ವಾಡಿಕೆ.

ಆದರೆ ಈ ಪರೀಕ್ಷೆ ಎಲ್ಲರಿಗೂ ಬೇಕೆ? 60 ಗುಂಡುಗಳಿಗೆ 600 ಪೂರ್ಣಾಂಕವಿರುವ ಈ ಸ್ಪರ್ಧೆಯಲ್ಲಿ 540ನ್ನು ಇನ್ನೂ ಮುಟ್ಟದವರಿಗೆ ಬೇಡ. ಅವರ ಕೈಯ ನಡುಕವೇ ಗುಂಡುಗಳ ನಡುವಿನ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಒಳ್ಳೆಯ ಹೆಸರಿನ, ಬೆಲೆಯಲ್ಲಿ ನಡುತರದ ಒಂದೇ ಬಗೆಯನ್ನು ಆರಿಸಿಕೊಂಡು, ವಾರಕ್ಕೊಂದು ಹೆಸರು ಬದಲಿಸದೆ ಅಭ್ಯಾಸ ಮಾಡಿದರೆ ಸಾಕು. ಡಬ್ಬಿಯಲ್ಲಿ ಅಂಚು ಸೊಟ್ಟಗಾದವನ್ನು ಮಾತ್ರ ಆರಿಸಿ ತೆಗೆದುಹಾಕಬೇಕು.

ಗುಂಡನ್ನು ಇರಿಸುವ ಜಾಗಕ್ಕೆ ಶ್ರೀರಂಗಪಟ್ಟಣದಲ್ಲಿಯೇ ಒಂದು ಪಾಠವಿದೆ. ಟೀಪೂವಿನ ಕಾಲದ ಮದ್ದಿನ ಮನೆಗಳು ಇಟ್ಟಿಗೆ ಸುಣ್ಣದ ದಪ್ಪ ಗೋಡೆಗಳಿಂದ, ಬಹುಪಾಲು ನೆಲದೊಳಗೆ ಹುದುಗಿ ನಿಂತಿವೆ. ಬಿಸಿಲೂ ತೇವವೂ ಮದ್ದನ್ನು ಮುಟ್ಟಬಾರದೆಂಬುದೇ ಕಾರಣ. ಅವುಗಳಲ್ಲೊಂದನ್ನು 2017ರಲ್ಲಿ, ಜೋಡಿ ರೈಲು ಹಳಿಗೆ ಎಡೆಮಾಡಲು, ಒಡೆಯದೆ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿದುದು ನೆನಪಿರಬಹುದು. ಸೀಸದ ಪೆಲೆಟ್ಟಿನಲ್ಲಿ ಮದ್ದಿಲ್ಲವಾದರೂ ಅದಕ್ಕೂ ತೇವ ಶತ್ರುವೇ. ನಾಲೆಯ ನೀರು ಹರಿಯುವ ಗದ್ದೆಬಯಲುಗಳ ಮಗ್ಗುಲಿನ ಮನೆಗಳಲ್ಲಿ, ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಗುಂಡುಗಳ ಮೇಲೆ ಬಿಳಿಯ ಪುಡಿ ಏಳುತ್ತದೆ. ಅಂತಹವು ಗುರಿಗೂ ಕೆಟ್ಟವು, ಮೈಗೂ ಕೆಟ್ಟವು. ಹುಳಿಯ ಆವಿ ಸೀಸವನ್ನು ಇನ್ನೂ ಬೇಗ ತಿನ್ನುತ್ತದೆ. ಆದುದರಿಂದ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಪೆಲೆಟ್ ಡಬ್ಬಿಗೆ ಸ್ಥಳವಿಲ್ಲ. ಅಲ್ಲಿ ಅದು ಇರಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣವೂ ಇದೆ.

ಸೀಸ ವಿಷ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿಗೆ ಇಷ್ಟರವರೆಗೆ ನಿರಪಾಯವೆಂಬ ಅಳತೆಯೇ ಇಲ್ಲ. ಕೈಯಿಂದ ಬಾಯಿಗೆ ಹೋಗುವುದೇ ಅದರ ಹಾದಿ. ಗುಂಡನ್ನು ತುಟಿಗಳ ನಡುವೆ ಕಚ್ಚಿಕೊಂಡು ಪಿಸ್ತೂಲು ತುಂಬುವ ಹುಡುಗರ ಚಾಳಿಯನ್ನು ಮೊದಲ ದಿನವೇ ಬಿಡಿಸಬೇಕು. ಅಭ್ಯಾಸದ ನಡುವೆ ತಿಂಡಿ ಕೂಡದು. ಮುಗಿದೊಡನೆ ಸಾಬೂನಿನಿಂದ ಕೈ ಮುಖ ತೊಳೆಯಬೇಕು. ಗುಂಡು ಬೀಳುವ ಜಾಗವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮನೆಯಲ್ಲಿ ತೆವಳುವ ಕೂಸಿದ್ದರೆ ಗುಂಡು ಹಾರಿಸುವುದನ್ನು ತರಬೇತಿ ಕೇಂದ್ರಕ್ಕೇ ಬಿಡುವುದು ಕ್ಷೇಮ.

ಹಾಗೆಂದು ಮನೆಯ ಅಭ್ಯಾಸ ನಿಲ್ಲಬೇಕಾಗಿಲ್ಲ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಗುಂಡೂ ಗಾಳಿಯೂ ಇಲ್ಲದೆ ಟ್ರಿಗರನ್ನಷ್ಟೇ ಒತ್ತಿ ಅಭ್ಯಸಿಸುವ ಏರ್ಪಾಡಿರುತ್ತದೆ. ಬರಿಯ ಬಿಳಿ ಗೋಡೆಯೆದುರು ನಿಂತು ದಿನಕ್ಕೆ ಅರ್ಧ ಗಂಟೆ ಇದನ್ನು ಮಾಡಿದವರು ಗುಂಡು ಸುರಿದವರಿಗಿಂತ ಬೇಗ ಮುಂದುವರಿಯುವುದುಂಟು, ಖರ್ಚೂ ಇಲ್ಲ. ಹಳೆಯ ಮನೆಗಳ ಉದ್ದ ಹಜಾರದಲ್ಲಿ 5 ಮೀಟರ್ ದೊರೆತರೆ, ಗುರಿಯ ಚಿತ್ರವನ್ನು ಅರ್ಧಕ್ಕಿಳಿಸಿ ಗೋಡೆಗೆ ಅಂಟಿಸಬಹುದು.

ಕಣ್ಣಿನ ವಿಚಾರದಲ್ಲಿ ಮಾರಾಟಗಾರರ ಆಡಂಬರ ಹೆಚ್ಚು. ಪ್ಯಾರಿಸ್ಸಿನಲ್ಲಿ ತುರ್ಕಿಯ ಯೂಸುಫ್ ಡಿಕೆಚ್ ಎಂಬ ನಡುವಯಸ್ಸಿನ ಗುರಿಕಾರ ಸಾಮಾನ್ಯ ಕನ್ನಡಕವೊಂದನ್ನೇ ಧರಿಸಿ, ಒಂದು ಕೈ ಜೇಬಿಗಿಳಿಸಿ, ಮಿಶ್ರ ತಂಡದ ಬೆಳ್ಳಿ ಗೆದ್ದುದನ್ನು ಲೋಕವೇ ನೋಡಿತು. ಹಾಗೆಂದು ಕಣ್ಣನ್ನು ಕಡೆಗಣಿಸುವಂತಿಲ್ಲ. ಗುರಿಕಾರನಿಗೆ ನಿಚ್ಚಳವಾಗಿ ಕಾಣಬೇಕಾದುದು ಗುರಿಯಲ್ಲ, ಚಾಚಿದ ತೋಳಿನ ಆಚೆಗಿರುವ ಗುರಿಮೊಳೆ. ಗುರಿ ಮಸುಕಾಗಿದ್ದರೆ ಬಾಧಕವಿಲ್ಲ. ಕನ್ನಡಕದ ವೈದ್ಯರಿಗೆ ಆ ದೂರವನ್ನು ಅಳೆದು ಹೇಳಿದರೆ ತಕ್ಕ ಗಾಜನ್ನು ಅವರೇ ಬರೆದುಕೊಡುವರು.

ಸಲಕರಣೆ ಎಷ್ಟೇ ಉತ್ತಮವಾದರೂ ಕೈಕೊಡುವ ದಿನವೊಂದು ಬರುವುದು. 2021ರ ಜುಲೈ 25ರಂದು ಟೋಕಿಯೋದಲ್ಲಿ, ಅರ್ಹತೆಯ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ರಿಪೇರಿಯಲ್ಲಿ ಕಳೆದ ಹೊತ್ತು ಮರಳಿ ಬರಲಿಲ್ಲ. ಉಳಿದ ಗುಂಡುಗಳನ್ನು ಅವಸರದಿಂದ ಹಾರಿಸಿ 575 ಅಂಕ ಪಡೆದ ಅವರು ಎರಡೇ ಅಂಕಗಳಿಂದ ಅಂತಿಮ ಸುತ್ತನ್ನು ಕಳೆದುಕೊಂಡರು. ಕಣ್ಣೀರಿನೊಡನೆ ಹೊರಬಂದ ಆ ಹುಡುಗಿಗೆ ಆಗ 19 ವರ್ಷ. ರಬ್ಬರ್ ಉಂಗುರಗಳು, ತಿರುಪುಗಳು, ಅಳತೆಗೆ ಸರಿಯಾದ ಚಾವಿ, ತುಂಬಿದ ಇನ್ನೊಂದು ಸಿಲಿಂಡರ್, ವಿದ್ಯುತ್ ಟ್ರಿಗರಾದರೆ ಹೊಸ ಬ್ಯಾಟರಿ, ಇವೆಲ್ಲ ಪೆಟ್ಟಿಗೆಯಲ್ಲಿರಬೇಕು. ಅವುಗಳನ್ನು ಬದಲಿಸುವುದನ್ನು ಮಗು ಮನೆಯಲ್ಲಿಯೇ ಹಲವು ಬಾರಿ ಮಾಡಿ ಕಲಿತಿರಬೇಕು.

25 ಮೀಟರ್ ಸ್ಪರ್ಧೆಯ .22 ಪಿಸ್ತೂಲಿನ ಮಾತು ಬೇರೆಯೇ. ವಿಜಯ್ ಕುಮಾರ್ 2012ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದುದು ಆ ಬಗೆಯ ಪಿಸ್ತೂಲಿನಲ್ಲಿ. ಅದು ಮದ್ದಿನ ಆಯುಧವಾದ್ದರಿಂದ 1959ರ ಶಸ್ತ್ರ ಕಾಯಿದೆಯ ಪರವಾನಗಿ ಅನಿವಾರ್ಯ. ಪರವಾನಗಿಗೆ 21 ವರ್ಷ ತುಂಬಿರಬೇಕು, ಕಿರಿಯರು ತರಬೇತಿಗಾಗಿ ನಿಯಮಗಳಿಗೊಳಪಟ್ಟು ಮಾತ್ರ ಬಳಸಬಹುದು. ತೋಟಾಗಳಲ್ಲಿಯೂ ತಂಡದ ಸಂಖ್ಯೆಯ ವಿಚಾರ ಹಿಂದೆ ಹೇಳಿದಂತೆಯೇ. ಅವುಗಳ ಸೀಸದ ಮೇಲಿನ ಮೇಣ ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗೆ ಕರಗಿಬಿಡುವುದರಿಂದ ಪೆಟ್ಟಿಗೆಯನ್ನು ವಾಹನದಲ್ಲಿ ಬಿಟ್ಟುಹೋಗಬಾರದು. ತೋಟಾ ಸಿಡಿಯದೆ ಉಳಿದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಅನಂತರವೇ ತೆರೆಯತಕ್ಕದ್ದು.