ಇಳಿಯಲಾಗದ ವೇದಿಕೆ

ನಿಮ್ಮ ಮಗ ಚೆನ್ನಾಗಿ ಕಿರಾಅತ್ ಮಾಡುತ್ತಾನೆ. ಮದ್ರಸದ ವಾರ್ಷಿಕೋತ್ಸವದಲ್ಲಿ ಅವನು ಓದತೊಡಗಿದರೆ ಇಡೀ ಸಭೆ ನಿಶ್ಶಬ್ದವಾಗುತ್ತದೆ. ಆದರೆ ವೇದಿಕೆಯಿಂದ ಇಳಿದೊಡನೆ ಅವನು ಮೂಲೆ ಹುಡುಕುತ್ತಾನೆ. ಮನೆಗೆ ನೆಂಟರು ಬಂದರೆ ಕೋಣೆ ಸೇರುತ್ತಾನೆ. ಇಂತಹ ಮಗು ನಿಮ್ಮಲ್ಲಿದ್ದರೆ ಈ ಮಾತು ನಿಮಗೆ.

ಹಿಂದೆ ಇಂತಹ ಮಕ್ಕಳಿಗೆ ಹತ್ತು ನಿಮಿಷದ ವೇದಿಕೆ ಮುಗಿದರೆ ಮುಗಿಯಿತು. 2005ರಲ್ಲಿ ಯೂಟ್ಯೂಬ್, 2010ರಲ್ಲಿ ಇನ್‌ಸ್ಟಾಗ್ರಾಮ್ ಬಂದ ಮೇಲೆ ವೇದಿಕೆಯೇ ಮನೆಯೊಳಗೆ ಬಂದು ಕೂತಿದೆ. ಈಗ ಓದಿದರಷ್ಟೇ ಸಾಲದು. ವಾರಕ್ಕೊಂದು ವೀಡಿಯೊ ಹಾಕಬೇಕು, ಕಮೆಂಟುಗಳಿಗೆ ಉತ್ತರಿಸಬೇಕು, ಲೈಕುಗಳನ್ನು ಎಣಿಸಬೇಕು. ಅಂತರ್ಮುಖಿ ಮಗುವಿಗೆ ಓದುವುದು ಭಾರವಲ್ಲ. ಓದಿ ಮುಗಿದರೂ ಇಳಿಯಲಾಗದ ಈ ವೇದಿಕೆಯೇ ಭಾರ. ಕೊನೆಗೊಂದು ದಿನ ಅದು ಓದುವುದನ್ನೇ ಬಿಟ್ಟುಬಿಡುತ್ತದೆ. ನಾವೋ, "ನಾಚಿಕೆ ಸ್ವಭಾವ, ಮುಂದೆ ಬರಲಾರ" ಎಂದು ತೀರ್ಪು ಕೊಟ್ಟು ಸುಮ್ಮನಾಗುತ್ತೇವೆ.

ಯಮನ್‌ನಿಂದ ಬಂದ ಸಹಾಬಿ ಅಬೂ ಮೂಸಾ ಅಶ್‌ಅರೀ(ರ)ರವರ ಕಂಠ ಬಹಳ ಇಂಪಾಗಿತ್ತು. ಒಂದು ರಾತ್ರಿ ಅವರು ಕುರ್‌ಆನ್ ಪಾರಾಯಣ ಮಾಡುತ್ತಿದ್ದಾಗ ಪ್ರವಾದಿ(ಸ)ರು ಅದನ್ನು ಆಲಿಸಿದರು. ಆ ಬಳಿಕ ಪ್ರವಾದಿ(ಸ)ರೇ ಹೇಳಿದಾಗಲಷ್ಟೇ ಅವರಿಗೆ ವಿಷಯ ತಿಳಿಯಿತು. ದಾವೂದ್(ಅ)ರ ಮನೆತನದ ಸ್ವರಮಾಧುರ್ಯವನ್ನು ನೆನಪಿಸಿದ ಆ ಪಾರಾಯಣ, ಯಾರೋ ಕೇಳುತ್ತಿದ್ದಾರೆಂದು ಮಾಡಿದ್ದಲ್ಲ.

ಹಾಗಾದರೆ ಪ್ರತಿಭೆಯನ್ನು ಬಚ್ಚಿಡಬೇಕೇ? ಖಂಡಿತ ಬೇಡ. ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಮೂಸಾ(ಅ)ರು ತಮ್ಮ ಎದೆ ಬಿಗಿಯುವುದನ್ನೂ ನಾಲಗೆ ತೊಡರುವುದನ್ನೂ ಮುಚ್ಚುಮರೆಯಿಲ್ಲದೆ ಅಲ್ಲಾಹನಲ್ಲಿ ನಿವೇದಿಸಿದರು. ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿದರು. ಅಲ್ಲಾಹನು ಆ ಬೇಡಿಕೆಯನ್ನು ಈಡೇರಿಸಿದನು. ಹೊಣೆ ತಪ್ಪಲಿಲ್ಲ, ಆದರೆ ಆಸರೆ ಸಿಕ್ಕಿತು.

ತಾಯಂದಿರೇ, ತಂದೆಯಂದಿರೇ, ನಿಮ್ಮ ಮಗುವಿಗೂ ಅಂತಹ ಒಂದು ಆಸರೆ ಬೇಕು. ವೀಡಿಯೊ ಹಾಕುವ ಮುನ್ನ ಮಗುವನ್ನು ಕೇಳಿ. ಒಪ್ಪಿದರೆ ಮೊಬೈಲಿನ ಕೆಲಸವನ್ನು ಅಣ್ಣನೋ ಅಕ್ಕನೋ ನೋಡಿಕೊಳ್ಳಲಿ. ಎಷ್ಟು ಮಂದಿ ನೋಡಿದರೆಂಬ ಲೆಕ್ಕ ಊಟದ ಹೊತ್ತಿನಲ್ಲಿ ಬಾರದಿರಲಿ. ಒಪ್ಪದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ. ಸುಬ್‌ಹ್ ನಮಾಝಿನ ಬಳಿಕ ಅಜ್ಜಿಯ ಪಕ್ಕ ಕೂತು ಒಂದು ಪುಟ ಓದಿದರೂ ಅದೊಂದು ಸಭೆಯೇ. ಸಾವಿರ ಜನ ನೋಡುವುದಕ್ಕಿಂತ, ಮಗು ನಾಳೆಯೂ ಪ್ರೀತಿಯಿಂದ ಕುರ್‌ಆನ್ ತೆರೆಯುವುದು ಮುಖ್ಯ.