ವಾಟ್ ಕೇಳೋ ಮೊದಲು ಓಮ್ ಕೇಳಿ!



ಸಂಡೂರಿನ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಆರ್ಕೆಸ್ಟ್ರಾಕ್ಕೆ ಗಿಟಾರ್ ಆಂಪ್ಲಿಫೈಯರ್ ತಗೋಬೇಕು. ಎಷ್ಟು ವಾಟಿಂದು ತಗೊಳ್ಳಲಿ ಸಾರ್?" ಸ್ವಾಮೀ, ಬರೀ ವಾಟ್ ನೋಡಿಯೇ ನಾನು ಒಮ್ಮೆ ಕೆಟ್ಟೆ!

ಕಂಪ್ಲಿಯಲ್ಲಿ ಗಣೇಶನ ಹಬ್ಬ. ಹೊಸಪೇಟೆಯಿಂದ ನಮ್ಮ ತಂಡ ಹೋಗಿತ್ತು. ಗಿಟಾರ್ ಬಾರಿಸುವವನು ಸಂಡೂರಿನ ಹುಡುಗ. ಅದಿರು ಲಾರಿಯಲ್ಲಿ ಕ್ಲೀನರ್ ಆಗಿ ದುಡಿದು, ರೂಪಾಯಿಗೆ ರೂಪಾಯಿ ಕೂಡಿಸಿ 50 ವಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, 8 ಓಮಿನ ಒಂದು ಸ್ಪೀಕರ್ ಬಾಕ್ಸ್ ಕೊಂಡಿದ್ದ. ಜನವೋ ಜನ! 1981ರ ‘ಗೀತಾ’ ಚಿತ್ರದ ಹಾಡು ಬೇಕೆಂದು ಚೀಟಿಯ ಮೇಲೆ ಚೀಟಿ. ಸದ್ದು ಸಾಲದು ಅಂತ ನಾನೇ ಮಹಾ ಬುದ್ಧಿವಂತನ ಹಾಗೆ ಇನ್ನೊಂದು 8 ಓಮಿನ ಬಾಕ್ಸ್ ತಂದು ಜೋಡಿಸಿದೆ.

"ಅಣ್ಣಾ ಬ್ಯಾಡ, 8 ಓಮಿಗಿಂತ ಕಮ್ಮಿ ಹಾಕಬಾರದು ಅಂತ ಹಿಂದ ಬರದೈತಿ" ಅಂದ.

"ಸುಮ್ನಿರಲೇ, ಏನೂ ಆಗಂಗಿಲ್ಲ" ಅಂದೆ.

ಎರಡನೇ ಹಾಡಿನ ನಡುವೆ ಸುಟ್ಟ ವಾಸನೆ... ಆಮೇಲೆ ಮೌನ. ಹುಡುಗ ಬೈಯಲಿಲ್ಲ. ತಂತಿಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತ. ಬೈದಿದ್ದರೇ ವಾಸಿಯಿತ್ತು.

ಆದದ್ದೇನು? ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆ. 8 ಓಮಿನ ಎರಡು ಬಾಕ್ಸುಗಳನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಒಟ್ಟು 4 ಓಮ್ ಆಗುತ್ತದೆ. ತಡೆ ಕಡಿಮೆಯಾದಷ್ಟೂ ಕರೆಂಟು ನುಗ್ಗುತ್ತದೆ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನೀರು ನುಗ್ಗಿದ್ದು ನೆನಪಿದೆಯಲ್ಲ? ಹಾಗೆಯೇ!

ಆದ್ದರಿಂದ ಕೇಳಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮೇಲೆ ಬರೆದ ಓಮಿಗಿಂತ ಕಡಿಮೆಯ ಬಾಕ್ಸ್ ಬೇಡ. ಹೆಚ್ಚಿದ್ದರೆ ಸದ್ದು ತಗ್ಗೀತು, ಸುಡುವುದಿಲ್ಲ. ವಾಲ್ವಿನದಾದರೆ ಓಮ್ ಸರಿಸಮ ಇರಲಿ; ಸ್ಪೀಕರ್ ಇಲ್ಲದೆ ಬಾರಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದೀತು. ಬಾಕ್ಸ್ ತಾಳುವ ವಾಟ್ ಯಾವಾಗಲೂ ಒಂದು ಕೈ ಹೆಚ್ಚಿರಲಿ: 50ರ ಆಂಪ್ಲಿಫೈಯರಿಗೆ 75 ಅಥವಾ 100. ಹಾಗಂತ 50ರ ಬದಲು 100 ವಾಟಿನ ಆಂಪ್ಲಿಫೈಯರ್ ಕೊಂಡರೆ ಕಿವಿಗೆ ಸದ್ದು ಎರಡರಷ್ಟಾಗದು. ಏರುವುದು 3 ಡೆಸಿಬಲ್ ಮಾತ್ರ! ಮದುವೆ ಮೈಕಿನ ಹಾರ್ನ್‌ಗೆ ಗಿಟಾರ್ ಹಚ್ಚಿದರೆ ಬರೀ ಕೀರಲು. 12 ಇಂಚಿನ ಗಿಟಾರ್ ಸ್ಪೀಕರೇ ಲೇಸು. ಹಿಂಬದಿ ಮುಚ್ಚಿದ ಬಾಕ್ಸಿನಲ್ಲಿ ಬೇಸ್ ಬಿಗಿಯಾಗಿರುತ್ತದೆ. ತೆರೆದದ್ದಾದರೆ ಸದ್ದು ಸುತ್ತಲೂ ಹರಡುತ್ತದೆ.

ಮಿತಿ ಎಲ್ಲಕ್ಕೂ ಇದೆ. ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳಿಗೆ ವಾಟೂ ಇಲ್ಲ, ವಯರೂ ಇಲ್ಲ. ಅವುಗಳನ್ನೂ ಜನ ಬಡಿದು ಬಡಿದು, ಈಗ ಬಡಿಯುವಂತಿಲ್ಲ ಎಂದಾಗಿದೆ. ಕಲ್ಲೇ ತಾಳದ್ದು ಟ್ರಾನ್ಸಿಸ್ಟರ್ ತಾಳೀತೇ?

ರಿಪೇರಿ ಖರ್ಚನ್ನು ನಾನೇ ನಾಲ್ಕು ಕಂತಿನಲ್ಲಿ ತೀರಿಸಿದೆ. ಹುಡುಗ ಮತ್ತೆ ಬಾರಿಸುತ್ತಿದ್ದಾನೆ. ಬಾಕ್ಸಿನ ಹಿಂದೆ ಕೆಂಪು ಬಣ್ಣದಲ್ಲಿ ಇಷ್ಟು ದಪ್ಪಗೆ ‘8’ ಎಂದು ಬರೆದುಕೊಂಡಿದ್ದಾನೆ. ನಾನು ವೇದಿಕೆಯ ಹತ್ತಿರ ಹೋದರೆ ಸಾಕು, "ಅಣ್ಣಾ, ನೀ ಒಂಚೂರು ದೂರ ನಿಂದರು" ಅಂತಾನೆ!

ಮುಂದಿನ ವಾರ ಮತ್ತೆ ಸಿಗೋಣ.